ಶಾರ್ಕಿನ ಬೆನ್ನಿಗೊಂದು ಸರ್ಟಿಫಿಕೇಟು

ಸತ್ತ ಪ್ರಾಣಿಗಳನ್ನು ಜಾಡಿಗಳಲ್ಲಿ ಕಾದಿಡುವ ವಸ್ತುಸಂಗ್ರಹಾಲಯದ ಹೊಸ ನಿರ್ದೇಶಕರು ಬಂದ ದಿನವೇ ಅಪ್ಪಣೆ ಹೊರಡಿಸಿದರು: ಬೆನ್ನುಮೂಳೆ ಇದ್ದವು ಎಡಗಡೆಯ ಕೋಣೆಗೆ, ಇಲ್ಲದವು ಬಲಗಡೆಗೆ. ಮೇಲ್ವಿಚಾರಕಿ ಕಪ್ಪೆ, ಹಾವು, ಬಾವಲಿಗಳನ್ನು ಎಡಕ್ಕೂ ಏಡಿ, ಜೇಡ, ಬಸವನಹುಳುಗಳನ್ನು ಬಲಕ್ಕೂ ಸಾಗಿಸಿ ಸೊಂಟ ಹಿಡಿದುಕೊಂಡು ನಿಂತಾಗ, ನಿರ್ದೇಶಕರು ಶಾರ್ಕ್ ಮರಿಯ ಜಾಡಿಗೆ ಮೂಗು ತಾಗಿಸಿದ್ದರು. ಮೊಳದುದ್ದದ ಮರಿ, ಹದಿನೆಂಟು ವರ್ಷದಿಂದ ಅದು ಕೆಡದಂತೆ ಕಾಪಾಡಿದವಳು ಅವಳೇ.

"ಇದರ ಮೈಯಲ್ಲಿ ಒಂದು ಮೂಳೆನೂ ಇಲ್ವಂತಲ್ಲ?"

"ಇಲ್ಲ ಸಾರ್, ಎಲ್ಲಾ ಮೃದ್ವಸ್ಥಿ. ನಿಮ್ಮ ಕಿವಿ ಹಿಂಡಿ ನೋಡ್ಕೊಳ್ಳಿ, ಅದೇ. ಆದ್ರೆ ಮಣಿ ಪೋಣಿಸಿದ ಹಾಗೆ ಬೆನ್ನಿನ ಸರ ಇದೆ. ಲೆಕ್ಕಕ್ಕೆ ಬರೋದು ಅದು."

ನಿರ್ದೇಶಕರು ಕಿವಿ ಹಿಂಡಿಕೊಂಡರು. "ಮೂಳೆ ಇಲ್ಲ, ಬೆನ್ನುಮೂಳೆ ಇದೆ! ಯಾರ ಕಿವಿ ಮೇಲೆ ಹೂವಿಡ್ತೀರಿ? ಬಸವನಹುಳು ಪಕ್ಕ ಇಡಿ. ಇಲ್ಲಾ, ಡಾಕ್ಟರ ಸರ್ಟಿಫಿಕೇಟ್ ತನ್ನಿ."

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯನ ಜೊತೆ ವಾದವೇನು? ಅವಳು ಜಾಡಿಯನ್ನು ಕಂಕುಳಲ್ಲಿಟ್ಟುಕೊಂಡು ನೆಟ್ಟಗೆ ಆಸ್ಪತ್ರೆಗೆ ಹೋದಳು. ಅವಳ ಅಕ್ಕನ ಗಂಡ ಅಲ್ಲಿ ಎಕ್ಸ್‌ರೇ ಡಾಕ್ಟರು.

"ಪೇಷಂಟ್ ಹೆಸರು?" ಚೀಟಿ ಬರೆಯುವವಳು ತಲೆಯೆತ್ತಲಿಲ್ಲ.

"ಶಾರ್ಕ್. ಬೆನ್ನಿನ ಎಕ್ಸ್‌ರೇ ಆಗ್ಬೇಕು."

"ಎಷ್ಟು ದಿನದಿಂದ ಬೆನ್ನುನೋವು?"

"ನೋವಿಲ್ಲಮ್ಮ. ಬೆನ್ನು ಇದೆಯೋ ಇಲ್ವೋ ನೋಡ್ಬೇಕು."

"ನೀವು ಏನಾಗ್ಬೇಕು?"

ಅವಳು ಜಾಡಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. "ಸಾಕಿದವಳು ಅಂತ ಬರ್ಕೊಳ್ಳಿ."

ಭಾವ ಹೊರಬಂದು ಹಣೆ ಚಚ್ಚಿಕೊಂಡರು. "ಮನೆಗೆ ಬಾ ಅಂತ ನಿಮ್ಮಕ್ಕ ಬಡ್ಕೊಂಡ್ರೂ ಬರಲ್ಲ, ಈಗ ಶಾರ್ಕ್ ಎತ್ಕೊಂಡು ಬಂದಿದ್ದೀಯಲ್ಲೇ!" ಆದರೂ ಮರಿಯನ್ನು ತೆಗೆದು ಮೇಜಿನ ಮೇಲೆ ಮಲಗಿಸಿದರು. ಅಭ್ಯಾಸಬಲದಿಂದ "ಉಸಿರು ಬಿಗಿಹಿಡೀರಿ" ಎಂದೂ ಅಂದರು. ಮೃದ್ವಸ್ಥಿಯಾದರೇನು, ಸುಣ್ಣದಂಶ ಸೇರಿ ಗಟ್ಟಿಯಾದ ಮಣಿಗಳು ತಲೆಯಿಂದ ಬಾಲದವರೆಗೆ ಚಿತ್ರದಲ್ಲಿ ಸಾಲಾಗಿ ಮೂಡಿದವು. ಅವಳ ಕಣ್ಣು ತುಂಬಿ ಬಂತು.

ಸರ್ಟಿಫಿಕೇಟು ಆಸ್ಪತ್ರೆಯ ಅಚ್ಚಿನ ಹಾಳೆಯಲ್ಲೇ ಆಯಿತು. "ಬೆನ್ನುಮೂಳೆ: ಇದೆ, ಚೆನ್ನಾಗಿದೆ" ಎಂದು ಭಾವ ಬರೆದರು. ಕೆಳಗೆ ಎಲ್ಲರಿಗೂ ಅಚ್ಚಾಗಿರುವ ಸಾಲು: ಭಾರ ಎತ್ತಬಾರದು, ಎರಡು ವಾರ ವಿಶ್ರಾಂತಿ.

ನಿರ್ದೇಶಕರು ಅದನ್ನು ಎರಡು ಸಲ ಓದಿ ಮೆತ್ತಗಾದರು. "ಮೊದಲೇ ಹೇಳ್ಬಾರ್ದಿತ್ತೇನ್ರೀ? ಎಡಗಡೆಗೇ ಇಡಿ. ಆದ್ರೆ ವಿಶ್ರಾಂತಿ ಮುಗಿಯೋವರೆಗೆ ಜನರ ಮುಂದೆ ಬೇಡ."

ಜಾಡಿ ಅವಳ ಮೇಜಿನ ಮೇಲೇ ಉಳಿಯಿತು. ನಿರ್ದೇಶಕರು ದಿನಾ ಬೆಳಗ್ಗೆ ಬಾಗಿಲಲ್ಲಿ ನಿಂತು ಪಿಸುದನಿಯಲ್ಲಿ "ಈಗ ಹೇಗಿದೆ?" ಎಂದು ವಿಚಾರಿಸುತ್ತಿದ್ದರು.

"ಚೇತರಿಸ್ಕೊಳ್ತಿದೆ ಸಾರ್," ಎನ್ನುತ್ತಿದ್ದಳು ಅವಳು, ನಗು ನುಂಗಿಕೊಂಡು.

ಹದಿನೈದನೇ ದಿನ ಶಾರ್ಕು ಎಡಗಡೆಯ ಕೋಣೆಯಲ್ಲಿ, ಮೀನುಗಳ ಸಾಲಿನಲ್ಲಿ, ಕೆಲಸಕ್ಕೆ ಹಾಜರಾಯಿತು.