ತೊಂಬತ್ತೇಳರ ಮುಂದಿನದು

“ಅದನ್ನ ಅಳಿಸ್ರಿ ಟೀಚರ್.”

ಹೆಡ್‌ಮಾಸ್ತರ ವಿರೂಪಾಕ್ಷಪ್ಪನವರು ಒಂಬತ್ತನೇ ತರಗತಿಯ ಬಾಗಿಲಲ್ಲಿ ನಿಂತಿದ್ದರು. ಶಾಹಿಸ್ತಾ ಡಸ್ಟರ್ ಮುಟ್ಟಲಿಲ್ಲ. ಅವಳ ಹಿಂದೆ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ 10,00,001 ಎಂದಿತ್ತು.

ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಗೆ ಉದಾಹರಣೆಯಾಗಿ ಅದನ್ನು ತಾವು ಬರೆದ ಗಣಿತದ ಗೈಡಿನಲ್ಲಿ ಕೊಟ್ಟವರು ವಿರೂಪಾಕ್ಷಪ್ಪನವರೇ. ಮುಂಡರಗಿಯ ಆ ಶಾಲೆಯ ಮಕ್ಕಳು ಹದಿನೆಂಟು ವರ್ಷಗಳಿಂದ ಅದನ್ನು ಬಾಯಿಪಾಠ ಮಾಡುತ್ತ ಬಂದಿದ್ದರು. ಈ ಸಲದ ಪರೀಕ್ಷೆಯಲ್ಲಿ ಸುಶ್ಮಿತಾ ಎಂಬ ಹುಡುಗಿ ಮಾತ್ರ ‘ಅವಿಭಾಜ್ಯ ಅಲ್ಲ’ ಎಂದು ಬರೆದಿದ್ದಳು. ಶಾಹಿಸ್ತಾ ಕೊಟ್ಟ ಎರಡು ಅಂಕಗಳನ್ನು ಹೆಡ್‌ಮಾಸ್ತರರು ಕೆಂಪು ಪೆನ್ನಿನಿಂದ ಹೊಡೆದುಹಾಕಿದ್ದರು.

“ಇದು ನೂರಾ ಒಂದರಿಂದ ಭಾಗ ಹೋಗತೈತ್ರಿ ಸರ್.”

“ನಾನ ಖುದ್ದು ಭಾಗಿಸಿ ನೋಡೇನಿ. ಎರಡರಿಂದ ತೊಂಬತ್ತೇಳರ ತನಕ ಯಾವುದರಿಂದೂ ಹೋಗಂಗಿಲ್ಲ.”

“ಖರೆ ಐತ್ರಿ. ತೊಂಬತ್ತೇಳರ ಮುಂದಿನ ಅವಿಭಾಜ್ಯನ ನೂರಾ ಒಂದು. ನೀವು ಒಂದ ಹೆಜ್ಜಿ ಹಿಂದ ನಿಂತೀರಿ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ವಿರೂಪಾಕ್ಷಪ್ಪನವರು ಹತ್ತಿರ ಬಂದು ದನಿ ತಗ್ಗಿಸಿದರು. “ಮುಂದಿನ ವರ್ಷದ ನಿಮ್ಮ ನೇಮಕಾತಿ ಆರ್ಡರಿಗೆ ನಾನ ಸಹಿ ಮಾಡಬೇಕು. ನೆನಪೈತಿಲ್ರಿ?”

ನೆನಪಿತ್ತು. ಮೂರು ವರ್ಷಗಳಿಂದ ಅವಳು ಹಂಗಾಮಿ ಶಿಕ್ಷಕಿ. ಈ ಸಲ ನೌಕರಿ ಕಾಯಂ ಆಗುತ್ತದೆಂದು ತಾಯಿ ಗುಲಾಬಬಿ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಆದರೆ ಎದುರಿಗೆ ಸುಶ್ಮಿತಾ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ಕೂತಿದ್ದಳು. ಅದನ್ನು ಕಂಡದ್ದೇ ಶಾಹಿಸ್ತಾಳಿಗೆ ಸಿಟ್ಟು ಬಂತು.

ಮಕ್ಕಳ ಕಡೆ ತಿರುಗಿ, “ಎಲ್ಲಾರೂ ಬರ್ಕೋರಿ. ಒಂಬತ್ತು ಸಾವಿರದ ಒಂಬೈನೂರಾ ಒಂದು. ನೂರರಿಂದ ಗುಣಿಸ್ರಿ. ಎಷ್ಟಾತು?” ಎಂದಳು.

“ಒಂಬತ್ತು ಲಕ್ಷದ ತೊಂಬತ್ತು ಸಾವಿರದ ಒಂದುನೂರು!”

“ಅದಕ್ಕ ಮೊದಲಿನ ಸಂಖ್ಯೆನ ಇನ್ನೊಂದು ಸಲ ಕೂಡಿಸ್ರಿ. ನೂರಾ ಒಂದು ಸಲ ಆತು.”

ಪೆನ್ನುಗಳು ಓಡಿದವು. ಸುಶ್ಮಿತಾ ಎದ್ದು ನಿಂತಳು.

“ಹತ್ತು ಲಕ್ಷದ ಒಂದು, ಟೀಚರ್.”

ಅವಳ ಹಿಂದೆಯೇ ಇಡೀ ತರಗತಿ ಅದನ್ನು ಕೂಗಿ ಹೇಳಿತು. ಹೆಡ್‌ಮಾಸ್ತರರು ಹೊರನಡೆದರು.

ವಾರದ ನಂತರ ಅವರು ಅವಳನ್ನು ತಮ್ಮ ಕೋಣೆಗೆ ಕರೆಸಿದರು.

“ಆ ಹುಡುಗಿ ಎರಡು ಮಾರ್ಕ್ಸ್ ಕಳದು ರಜಿಸ್ಟರ್ ತಿದ್ದಿಕೊಡ್ರಿ. ನಿಮ್ಮ ಆರ್ಡರ್ ಇಲ್ಲೇ ಐತಿ, ಈಗ ಸಹಿ ಮಾಡತೀನಿ.”

“ತಿದ್ದೇನ್ರಿ. ಎರಡು ಅಂತ ಮತ್ತ ಬರದು ಕೆಳಗ ನನ್ನ ಹೆಸರೂ ಹಾಕೇನಿ.”

ವಿರೂಪಾಕ್ಷಪ್ಪನವರು ಆರ್ಡರನ್ನು ಡ್ರಾವರಿಗೆ ಹಾಕಿ ಕೀಲಿ ತಿರುಗಿಸಿದರು. “ಇನ್ನ ನೀವು ಹೋಗಬಹುದು.”

“ಆತ್ರಿ.”

ಅಂಕಗಳ ರಜಿಸ್ಟರನ್ನು ಇಡಲು ಶಾಹಿಸ್ತಾ ಮೇಜಿಗೆ ಬಗ್ಗಿದಳು. ಅಲ್ಲೊಂದು ಹಾಳೆಯಿತ್ತು. ಅದರ ತುಂಬ ಅವರದೇ ಅಕ್ಷರದಲ್ಲಿ ನೂರಾ ಒಂದರಿಂದ ಭಾಗಿಸಿದ ಲೆಕ್ಕ. ಒಮ್ಮೆಯಲ್ಲ, ಮೂರು ಸಲ. ಅವಳು ನೋಡುತ್ತಿರುವುದನ್ನು ಕಂಡು ವಿರೂಪಾಕ್ಷಪ್ಪನವರು ಅದರ ಮೇಲೆ ಅಂಗೈ ಊರಿದರು. ಅಗಲವಾದ ಆ ಬೆರಳುಗಳ ಸಂದಿಯಲ್ಲಿ, ಕೊನೆಯ ಸಾಲಿನಲ್ಲಿ ಶೇಷವಾಗಿ ಉಳಿದ ಸೊನ್ನೆಯೊಂದು ಕಾಣುತ್ತಲೇ ಇತ್ತು.