ಗಾಡಿಮನಿ ಬಳಗದ ಗುಂಡವ್ವ

ನಾನು ಒಂದು ಗಾಡಿಮನೆ. ಎಂಜಿನ್ ಇಲ್ಲ, ಸ್ಟೇರಿಂಗ್ ಇಲ್ಲ. ಎರಡು ಗಾಲಿ, ಒಂದು ಬಾಗಿಲು, ನಾಲ್ಕು ಕಿಟಕಿ, ಒಳಗೆ ಇಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ. ಜೀಪಿನ ಹಿಂದೆ ಕಟ್ಟಿ ಎಳೆದರೆ ಹೋಗುತ್ತೇನೆ, ಬಿಚ್ಚಿಬಿಟ್ಟರೆ ನಿಲ್ಲುತ್ತೇನೆ. ಬೆನ್ನು ದುಂಡಗಿದೆಯೆಂದು ಜನ ನನ್ನನ್ನು ಗುಂಡವ್ವ ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಬರೀ ನಂಬರಿನಿಂದ ಕರೆಸಿಕೊಳ್ಳುವ ಲಾರಿಗಳ ಪಾಡು ನೋಡಿ ಸುಮ್ಮನಾದೆ.

ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಬಸ್ಸುಗಳಿಗೆ ಬಾಡಿ ಕಟ್ಟುತ್ತಿದ್ದ ಮೆಹಬೂಬಸಾಬ ಮುಲ್ಲಾ ಅವರ ಶೆಡ್ಡಿನಲ್ಲಿ. ಬಸ್ಸಿಗೆ ಹಾಕಿ ಉಳಿದ ಅಲ್ಯೂಮಿನಿಯಂ ತಗಡು ನನ್ನ ಮೈ, ಗುಜರಿಗೆ ಬಂದಿದ್ದ ಜೀಪಿನ ಅಚ್ಚು ನನ್ನ ಸೊಂಟ. ಕೆಲಸ ಮುಗಿದ ದಿನ ಸಾಬರು ನನ್ನೊಳಗೆ ಅಂಗಾತ ಮಲಗಿಕೊಂಡು, "ಹೂಂ, ಸುರವು" ಎಂದು ಕೂಗಿದರು. ಅವರ ಹೆಂಡತಿ ಜೈತುನ್‌ಬಿ ಏಣಿ ಹತ್ತಿ ನನ್ನ ನೆತ್ತಿಯ ಮೇಲೆ ಕೊಡಗಟ್ಟಲೆ ನೀರು ಸುರಿದರು. ಎಂಟನೆಯ ಕೊಡಕ್ಕೂ ಒಂದು ಹನಿ ಒಳಗೆ ಬೀಳಲಿಲ್ಲ. ಸಾಬರು ನಗುತ್ತ ಹೊರಗೆ ಬಂದರು. ಅಂಥ ಗಟ್ಟಿ ಹುಟ್ಟು ನನ್ನದು.

ನನ್ನನ್ನು ಮಾಡಿಸಿದವನು ಕೊಟ್ರಪ್ಪ ಎಂಬ ರಸ್ತೆ ಗುತ್ತಿಗೆದಾರ. ಕೆಲಸದ ಜಾಗದಲ್ಲೇ ಸಂಸಾರ ಹೂಡುತ್ತೇನೆಂದು ಹೇಳಿದ್ದ ಪುಣ್ಯಾತ್ಮ, ಎರಡು ವರ್ಷ ನನ್ನೊಳಗೆ ಸಿಮೆಂಟ್ ಚೀಲ ಪೇರಿಸಿದ. ಕೆಮ್ಮು ಬರುವ ಮೈಯಾಗಿದ್ದರೆ ಅಂದೇ ಸತ್ತಿರುತ್ತಿದ್ದೆ. ಕೊನೆಗೆ ನನ್ನನ್ನು ಕಟ್ಟಿ ದಂಪತಿಗೆ ಮಾರಿದ. ವಾಮನರಾವ ಕಟ್ಟಿ ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರು. ಪ್ರಭಾವತಿಬಾಯಿ ಕನ್ನಡ ಶಾಲೆಯ ಶಿಕ್ಷಕಿ, ಊರಿಗೆಲ್ಲ ಅಕ್ಕೋರು. ಅಕ್ಕೋರು ಮೂರು ದಿನ ಉಜ್ಜಿ ಉಜ್ಜಿ ನನ್ನ ಸಿಮೆಂಟ್ ಕಳೆದರು, ಕಿಟಕಿಗೆ ಇಳಕಲ್ ಸೀರೆಯ ಪರದೆ ಕಟ್ಟಿದರು. ಆವತ್ತಿನಿಂದ ನಾನು ಅಕ್ಕೋರ ಪಕ್ಷದವಳು. ಅವರ ಮನೆಯಲ್ಲಿ ಜಾಗವಿರಲಿಲ್ಲವಾದ್ದರಿಂದ ನನ್ನ ವಾಸ ಮಾತ್ರ ಸಾಬರ ಅಂಗಳದಲ್ಲೇ ಆಯಿತು.

ನನ್ನನ್ನು ನೋಡಿ ಮತ್ತೊಬ್ಬರು ಮಾಡಿಸಿದರು, ಅವರನ್ನು ನೋಡಿ ಇನ್ನೊಬ್ಬರು. ಸಾಬರು ತಮಗೂ ಒಂದು ಕಟ್ಟಿಕೊಂಡರು. ಹದಿನಾಲ್ಕು ಗಾಡಿಗಳಾದಾಗ 'ಗಾಡಿಮನಿ ಬಳಗ' ಎಂದು ಹೆಸರಿಟ್ಟರು. ಪ್ರತಿ ಡಿಸೆಂಬರಿನಲ್ಲಿ ಮುಂಡಗೋಡದ ಕಡೆ ಹಿನ್ನೀರಿನ ಬಯಲಿನಲ್ಲಿ ಐದು ದಿನ ಠಿಕಾಣಿ. ಬಳಗಕ್ಕೆ ಬರೆದಿಟ್ಟ ನಿಯಮಗಳು ಇರಲಿಲ್ಲ. ಇದ್ದದ್ದು ಒಂದೇ ಪದ್ಧತಿ, ಚಾದ ಕಿಟ್ಲಿ. ದಿನಕ್ಕೊಬ್ಬರು ಸರದಿಯ ಮೇಲೆ ಮುಂಜಾನೆ ಆರಕ್ಕೆ ಕಿಟ್ಲಿ ಹಿಡಿದು ಪ್ರತಿ ಗಾಡಿಯ ಬಾಗಿಲು ಬಡಿಯಬೇಕು. "ಎದ್ದೀರೇನ್ರೀ?" ಎಂದು ಕೇಳಬೇಕು. ಒಳಗಿನವರು ಎದ್ದು ಬಂದು ತಮ್ಮ ಕೈಯಾರೆ ಕಪ್ಪು ಹಿಡಿಯುವವರೆಗೆ ಬಾಗಿಲು ಬಿಟ್ಟು ಕದಲಬಾರದು. ನಿದ್ದೆಗೇಡಿ ಪದ್ಧತಿ ಎಂದು ಎಲ್ಲರೂ ಬೈಯುತ್ತಿದ್ದರು, ಬೈಯುತ್ತಲೇ ಕಪ್ಪು ಹಿಡಿಯುತ್ತಿದ್ದರು.

ಕಾಲ ಯಾರಪ್ಪನ ಮನೆಯ ಆಳು? ಕೆಲವರು ಗಾಡಿ ಮಾರಿದರು, ಕೆಲವರ ಮಂಡಿ ಸೋತಿತು, ಕಟ್ಟಿ ಮಾಸ್ತರು ಒಂದು ಬೇಸಿಗೆಯಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಹದಿನಾಲ್ಕು ಗಾಡಿ ಆರಾದವು. ಅಕ್ಕೋರು ಬಳಗದ ಕಾರ್ಯದರ್ಶಿಯಾದದ್ದು ಆಗ. ಅವರಿಗೆ ಉಳಿದಿದ್ದ ಬಂಧುಬಳಗವೆಂದರೆ ಈ ಬಳಗವೇ. ಅದೇ ಹೊತ್ತಿಗೆ ಬಯಲಿನ ಮಾಲೀಕರು ಪತ್ರ ಬರೆದರು: ಹತ್ತು ಗಾಡಿಗೆ ಕಡಿಮೆ ಬಂದರೆ ಮುಂದಿನ ವರ್ಷದಿಂದ ಜಾಗ ಬೇರೆಯವರಿಗೆ. ಅಕ್ಕೋರು ನನ್ನ ಮೆಟ್ಟಿಲ ಮೇಲೆ ಕುಳಿತು ಆ ಪತ್ರವನ್ನು ನಾಲ್ಕು ಸಲ ಓದಿದರು.

ಆಗ ಬಂದವನು ಪ್ರೀತಮ್ ಜರತಾರಘರ. ಮೂವತ್ತರ ಆಸುಪಾಸಿನವನು, ಹೊಸ ಗಾಡಿಮನೆ ಕೊಂಡವನು. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ.

"ಅಕ್ಕೋರ, ಜನಾ ಯಾಕ ಬರವಲ್ರು ಹೇಳ್ಲೇನ್ರಿ? ಆರಕ್ಕ ಬಂದು ಬಾಗ್ಲಾ ಬಡದ್ರ ಯಾರ್ ಬರ್ತಾರ್ರೀ? ರಜಾ ಹಾಕಿ ಬಂದಿರ್ತಾರ, ಮಲಕ್ಕೋಳ್ಲಿ ಬಿಡ್ರಿ. ಎಲ್ಲಾ ಫೋನ್ಯಾಗ ಮಾಡೋಣು."

ಅವನೇ ಒಂದು ಆ್ಯಪ್ ಮಾಡಿದ. ಯಾರು ಬರುತ್ತಾರೆ, ಯಾವ ಗಾಡಿ ಎಲ್ಲಿ ನಿಲ್ಲಬೇಕು, ಎಲ್ಲ ಅದರಲ್ಲೇ. ಕಿಟ್ಲಿಯ ಬದಲು ಒಂದು ಬಟನ್. ಮುಂಜಾನೆ ಎದ್ದವರು ತಮ್ಮ ಫೋನಿನಲ್ಲಿ 'ಎದ್ದೆ' ಎಂದು ಒತ್ತಿದರೆ ಅವರ ಹೆಸರಿನ ಮುಂದೆ ಹಸಿರು ಗುರುತು ಮೂಡುತ್ತದೆ, ಎಲ್ಲರಿಗೂ ಕಾಣುತ್ತದೆ. ಮೆಹಬೂಬಸಾಬರು ಕೇಳಿ ತಲೆಯಾಡಿಸಿದರು.

"ಚಾ ಕುಡಿಯೂದು ಹ್ಯಾಂಗಪಾ? ಅದನ್ನೂ ಫೋನ್ಯಾಗ ಸುರವಿಕೊಡ್ತೀ ಏನು?"

ಎಲ್ಲರೂ ನಕ್ಕರು. ಅಕ್ಕೋರೂ ನಕ್ಕರು, ಆದರೆ ಒಪ್ಪಿದರು. ಬಳಗ ಉಳಿಯಬೇಕಿತ್ತಲ್ಲ. ನನಗೂ ಸೋಲಾರ್ ತಗಡು, ಬಣ್ಣ ಬದಲಿಸುವ ದೀಪ, ಹಿಂದಕ್ಕೊಂದು ಕ್ಯಾಮೆರಾ ಬಂದವು. ಮೂಗಿಗಿಂತ ಮೂಗುತಿ ಭಾರ ಎಂದು ಗೊಣಗಿದೆ, ಕೇಳುವವರು ಯಾರು? ಆದರೆ ಪ್ರೀತಮನ ಲೆಕ್ಕ ಸುಳ್ಳಾಗಲಿಲ್ಲ. ಆ ಡಿಸೆಂಬರಿಗೆ ಹದಿನೆಂಟು ಗಾಡಿ ಬಂದವು. ಅಕ್ಕೋರ ಮುಖದಲ್ಲಿ ಅಂಥ ಕಳೆ ನೋಡಿ ಎಷ್ಟೋ ವರ್ಷವಾಗಿತ್ತು.

ಒಂದೇ ತೊಡಕು. ಸಾಬರೂ ಸೇರಿ ಹಳಬರು ನಾಲ್ವರು ಆ ಬಟನ್ ಮುಟ್ಟಲೊಲ್ಲರು. ಮೊದಲ ದಿನವಿಡೀ ಅವರ ಹೆಸರಿನ ಮುಂದೆ ಕೆಂಪು ಉಳಿಯಿತು, ಹೊಸಬರು "ಯಾಕ್ರೀ, ಇವರ್ಯಾರೂ ಎದ್ದಿಲ್ಲೇನು?" ಎಂದು ಚೇಷ್ಟೆ ಮಾಡಿದರು. ತಮ್ಮವರು ನಗೆಪಾಟಲಾಗುವುದನ್ನು ಅಕ್ಕೋರಿಗೆ ಸಹಿಸಲಾಗಲಿಲ್ಲ. ಕಾರ್ಯದರ್ಶಿಯ ಫೋನಿನಿಂದ ಯಾರ ಪರವಾಗಿಯೂ ಒತ್ತಬಹುದಿತ್ತು. ಎರಡನೆಯ ದಿನದಿಂದ ಅಕ್ಕೋರು ಎದ್ದ ಕೂಡಲೇ ನನ್ನ ಮೆಟ್ಟಿಲ ಮೇಲೆ ಕುಳಿತು, ತಮ್ಮದೊಂದು ಒತ್ತಿ, ಆ ನಾಲ್ವರದನ್ನೂ ಒತ್ತಿಬಿಡುತ್ತಿದ್ದರು. ಶಾಲೆಯಲ್ಲಿ ತಡವಾಗಿ ಬರುವ ಮಕ್ಕಳಿಗೆ ಹಾಜರಿ ಹಾಕುತ್ತಿದ್ದ ಕೈ ಅದು. ಇದರಲ್ಲಿ ತಪ್ಪೇನೆಂದು ನನಗೂ ಹೊಳೆಯಲಿಲ್ಲ.

ಆ ವರ್ಷ ಸಾಬರು ಒಬ್ಬರೇ ಬಂದಿದ್ದರು. ಮಗಳ ಬಾಣಂತನಕ್ಕೆಂದು ಜೈತುನ್‌ಬಿ ಊರಲ್ಲೇ ಉಳಿದಿದ್ದರು. ಹೊರಡುವಾಗ ಅಕ್ಕೋರ ಕೈ ಹಿಡಿದು, "ಇವರ್ನ ಒಂದೀಟ ನೋಡ್ಕೋರಿ ಅಕ್ಕೋರ" ಎಂದಿದ್ದರು. ಆ್ಯಪ್ ಹೇಳಿದ ಹಾಗೆ ನನ್ನನ್ನೂ ಸಾಬರ ಗಾಡಿಯನ್ನೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದ್ದರು. ನಡುವೆ ಒಂದು ಗೇಣಿನ ಜಾಗ.

ನಾಲ್ಕನೆಯ ದಿನ. ಅಕ್ಕೋರು ಆರು ಹೊಡೆದು ನಾಲ್ಕು ನಿಮಿಷಕ್ಕೆ ಐದು ಸಲ ಬೆರಳೊತ್ತಿದರು. ಹೊಸಬರನ್ನೆಲ್ಲ ಹಕ್ಕಿ ತೋರಿಸಲು ನೀರಿನಂಚಿಗೆ ಕರೆದೊಯ್ಯುವುದಿತ್ತು, ಶಾಲು ಹೊದ್ದು ಹೊರಟೇಬಿಟ್ಟರು. ಕೂಸುಕುನ್ನಿ ಸಹಿತ ಬಯಲೆಲ್ಲ ಅವರ ಬೆನ್ನು ಹತ್ತಿತು. ಉಳಿದ ಹಳಬರೂ ಹೋದರು.

ಅವರ ಮಾತಿನ ಸದ್ದು ದೂರವಾಗುವಾಗಲೇ ಸಾಬರ ಗಾಡಿಯ ಕಡೆಯಿಂದ ತಗಡು ಬಡಿದದ್ದು ನನಗೆ ಕೇಳಿಸಿತು. ಮೊದಲು ಏನೋ ಬಿದ್ದಿರಬೇಕು ಎಂದುಕೊಂಡೆ. ಮತ್ತೆ ಬಡಿಯಿತು. "ಅಕ್ಕೋರ" ಎಂದರು ಸಾಬರು. ನಾಲಗೆ ತೊದಲುತ್ತಿತ್ತು. ಮೂರು ಸಲ ಬಡಿಯುವುದು, ನಿಲ್ಲುವುದು, ಮತ್ತೆ ಎರಡು ಸಲ. ನಾನು ಏನು ಮಾಡಲಿ? ನನಗೆ ಹಾರ್ನ್ ಇಲ್ಲ, ಎಂಜಿನ್ ಇಲ್ಲ. ಕಟ್ಟಿದವನು ಕರೆಯುತ್ತಿದ್ದಾನೆ, ನಾನು ಕಲ್ಲಿನ ಹಾಗೆ ನಿಂತಿದ್ದೇನೆ. ಅಂಥ ಹಾಳು ಮುಂಜಾನೆ ನನ್ನ ಶತ್ರುವಿಗೂ ಬೇಡ. ಬಿಸಿಲು ನನ್ನ ಕಿಟಕಿಗೆ ತಾಗುವವರೆಗೂ ಅವರು ಬಡಿಯುತ್ತಿದ್ದರು. ಆಮೇಲೆ ಬಡಿತದ ನಡುವಿನ ಅಂತರ ದೊಡ್ಡದಾಗುತ್ತ ಹೋಯಿತು.

ಒಂಬತ್ತೂವರೆಗೆ ಅಕ್ಕೋರು ಬಟ್ಟಲಲ್ಲಿ ಉಪ್ಪಿಟ್ಟು ಹಾಕಿಕೊಂಡು ಸಾಬರ ಬಾಗಿಲಿಗೆ ಹೋದರು. ಬಟ್ಟಲು ಬಿದ್ದ ಸದ್ದು ಕೇಳಿತು. ಪ್ರೀತಮ್ ತನ್ನ ಕಾರಿನಲ್ಲಿ ಸಾಬರನ್ನು ಮಲಗಿಸಿ ಹಾರಿಸಿಕೊಂಡು ಹೋದ. ಲಕ್ವಾ ಹೊಡೆದಿತ್ತು. ಸಂಜೆಗೆ ಸಾಬರು ತೀರಿಕೊಂಡರು. ಮರುದಿನ ಅಕ್ಕೋರು ನನ್ನೊಳಗೆ ಒಬ್ಬರೇ ಕುಳಿತು, "ಮುಂಜಾನೆನ ತಂದಿದ್ರ ನೋಡಬಹುದಿತ್ತು ಅಂದ್ರಲ್ಲಾ ಡಾಕ್ಟರು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಫೋನು ತೊಡೆಯ ಮೇಲಿತ್ತು.

ಹುಬ್ಬಳ್ಳಿಗೆ ಮರಳಿದ ಮೇಲೆ ಸಾಬರ ಅಂಗಳಕ್ಕೆ ದುಃಖ ಹೇಳಲು ಬಂದವರಲ್ಲಿ ಪ್ರೀತಮನೂ ಇದ್ದ. ಅಳುತ್ತಿದ್ದ ಜೈತುನ್‌ಬಿಗೆ ಸಮಾಧಾನವಾಗಲೆಂದು ಅವನು ಫೋನು ತೆರೆದು ತೋರಿಸಿದ.

"ಚಾಚಿ, ನೋಡ್ರಿಲ್ಲಿ. ಆರಕ್ಕ ಎದ್ದು ಬಟನ್ ಒತ್ಯಾರ. ಆರಾಮ ಇದ್ರು. ಒಮ್ಮಿಂದೊಮ್ಮೆಲೇ ಆಗೇತಿ, ಯಾರ ಕೈಯಾಗೂ ಇರಲಿಲ್ಲ."

ಜೈತುನ್‌ಬಿ ಆ ಹಸಿರು ಗುರುತನ್ನೇ ದಿಟ್ಟಿಸಿದರು. ಕಣ್ಣೀರು ಒರೆಸಿಕೊಂಡು, "ಖರೇನ? ಅವರು ಫೋನ್ ಒತ್ತಿದ್ರ?" ಎಂದರು. ನನ್ನ ಪಕ್ಕದಲ್ಲಿ ನಿಂತಿದ್ದ ಅಕ್ಕೋರು ತಮ್ಮ ಫೋನನ್ನು ಸೆರಗಿನಡಿ ಸೇರಿಸಿಕೊಂಡರು. ನನಗೆ ಅವರ ಮೇಲೆ ಸಿಟ್ಟು ಬಂತು, ಮರುಕ್ಷಣವೇ ಕನಿಕರವೂ ಬಂತು. ಅಂದಿನಿಂದ ಬಂದವರಿಗೆಲ್ಲ ಜೈತುನ್‌ಬಿ ಅದನ್ನೇ ಹೇಳಿದರು. ಎಪ್ಪತ್ತಾರಕ್ಕೆ ಫೋನು ಕಲಿತಿದ್ದರು, ಕಡೆಯ ದಿನ ತಾವೇ ಒತ್ತಿದ್ದರು, ನೋವು ಕಾಣದೆ ಹೋದರು ಎಂದು.

ಬಳಗ ಚೆನ್ನಾಗಿ ಬೆಳೆಯಿತು. ಇಪ್ಪತ್ತೆರಡು ಗಾಡಿಗಳಾದವು, ಬಯಲು ಉಳಿಯಿತು. ಅಕ್ಕೋರಿಗೆ ಸನ್ಮಾನ ಮಾಡಬೇಕೆಂದು ಮಾತಾಯಿತು. ಅವರು ಬೇಡವೆಂದು ಕಾರ್ಯದರ್ಶಿಯ ಕೆಲಸವನ್ನೇ ಬಿಟ್ಟರು. ಪ್ರತಿ ಗುರುವಾರ ಬಂದು ಜೈತುನ್‌ಬಿಯ ಜೊತೆ ನನ್ನ ಮೆಟ್ಟಿಲ ಮೇಲೆ ಕುಳಿತು ಏನೋ ಹೇಳಲು ಬಾಯಿ ತೆರೆಯುವರು, ಮೊಮ್ಮಗುವಿನ ಮಾತಾಡಿ ಎದ್ದು ಹೋಗುವರು. ಹೀಗೆ ಐದು ತಿಂಗಳು.

ಒಂದು ಗುರುವಾರ ಜೈತುನ್‌ಬಿ ಸೆರಗಿನಿಂದ ಗಂಡನ ಫೋನು ತೆಗೆದರು.

"ಅಕ್ಕೋರ, ಈ ಸರ್ತಿ ನಾನೂ ಬರ್ತೀನ್ರಿ. ಅವರ ಗಾಡಿ ಯಾಕ ಖಾಲಿ ನಿಲ್ಲಬೇಕು? ಆ ಬಟನ್ ಒತ್ತೂದು ನನಗೂ ಕಲಿಸ್ರಿ. ಅವರು ಕಲತ್ರು, ನಾ ಕಲಿಯೂದಿಲ್ಲೇನು?"

ಅಕ್ಕೋರು ಫೋನು ತೆಗೆದುಕೊಂಡರು. ತೆರೆಯದೆ ನನ್ನ ಮೆಟ್ಟಿಲ ಮೇಲಿಟ್ಟರು.

"ಭಾಬಿ, ಅವರು ಒತ್ತಿದ್ದಿಲ್ರೀ. ನಾ ಒತ್ತಿದ್ದೆ. ದಿನಾ ನಾನ ಒತ್ತತಿದ್ದೆ. ಆವತ್ತು ಅವರ ಮಾರಿನೂ ನೋಡ್ಲಿಲ್ಲ ನಾನು. ನೀವು ನೋಡ್ಕೋರಿ ಅಂದಿದ್ರಿ, ನಾ ನೋಡ್ಲಿಲ್ಲ."

ಅಕ್ಕೋರು ಬಿಕ್ಕಿ ಬಿಕ್ಕಿ ಅತ್ತರು. ಜೈತುನ್‌ಬಿ ಗಂಡನ ಫೋನು ಎತ್ತಿ ಮತ್ತೆ ಸೆರಗಿನಲ್ಲಿಟ್ಟುಕೊಂಡರು. ಬೈಯಲಿಲ್ಲ, ಏಳಲೂ ಇಲ್ಲ. ಸಣ್ಣ ದನಿಯಲ್ಲಿ ಕೇಳಿದರು:

"ಹಂಗಾದ್ರ ಎಷ್ಟೊತ್ತು ಬಿದ್ದಿದ್ರು ಅಕ್ಕೋರ? ಯಾರ್ನರೆ ಕರದಿದ್ರೇನು?"

"ಗೊತ್ತಿಲ್ರೀ ಭಾಬಿ. ನನಗ ಕೇಳಿಸಿದ್ದಿಲ್ಲ."

ಜೈತುನ್‌ಬಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮುಂದಿನ ಗುರುವಾರ ಅಕ್ಕೋರು ಬಂದರು, ಬಾಗಿಲು ತೆರೆಯಲಿಲ್ಲ. ಅದರ ಮುಂದಿನ ಗುರುವಾರವೂ ಬಂದರು. ಈಗಲೂ ಬರುತ್ತಾರೆ, ನನ್ನ ಮೆಟ್ಟಿಲ ಮೇಲೆ ಒಬ್ಬರೇ ಕುಳಿತು ಹೋಗುತ್ತಾರೆ. ನನ್ನ ಗಾಲಿಗಳ ಗಾಳಿ ಇಳಿದಿದೆ, ಸೊಂಟಕ್ಕೆ ತುಕ್ಕು ಹಿಡಿದಿದೆ, ಎಳೆದೊಯ್ಯಲು ಯಾರೂ ಬರುವುದಿಲ್ಲ. ಕೆಲವು ಸಂಜೆ ಜೈತುನ್‌ಬಿ ಕಿಟಕಿಯಲ್ಲಿ ನಿಂತು ನನ್ನನ್ನೇ ನೋಡುತ್ತಾರೆ. ಆ ಮುಂಜಾನೆ ಅವರ ಗಂಡನ ಬೆನ್ನಿಗೆ ಇದ್ದವಳು ನಾನೆಂದು ಅವರಿಗೆ ಗೊತ್ತು. ಬಾಯಿಲ್ಲವಲ್ಲ ಎಂದು ಅಂದು ಹಳಹಳಿಸಿದ್ದೆ. ಈಗ ಅವರು ಹಾಗೆ ನೋಡುವಾಗ, ಬಾಯಿಲ್ಲದ್ದೇ ವಾಸಿ ಎನಿಸುತ್ತದೆ. ಮೂರೂವರೆ ತಾಸು ಬಿದ್ದಿದ್ದರು, ಕರೆದಿದ್ದರು ಎಂದು ಅವರಿಗೆ ಯಾರು ಹೇಳಿಯಾರು?