ರಿಹೇ ಮೇಷ್ಟ್ರ ಕೈಯ ಮರದ ತಾಳ

ನಾನು ಒಂದು ಜೊತೆ ಮರದ ತಾಳ. ಗೇಣುದ್ದದ ಎರಡು ತುಂಡು, ನಡುವೆ ಒಂದು ದಾರ, ಇಷ್ಟೇ ನನ್ನ ಸಂಪತ್ತು. ಜಪಾನಿನ ಬೆಟ್ಟದ ಗಟ್ಟಿಮರವೊಂದರಿಂದ ನನ್ನನ್ನು ಸೀಳಿದ ಬಡಗಿ ಮೂರು ವರ್ಷ ನೆರಳಲ್ಲಿ ಒಣಗಿಸಿದ. ಆಮೇಲೆ ಬಡಿದು, ಕಿವಿಗೊಟ್ಟು ಕೇಳಿ, "ಒಳ್ಳೇ ಕಂಠ ಕಣೋ ನಿಂದು" ಎಂದ. ಪಾಪ, ನಾನು ಎಂಥವನ ಕೈ ಸೇರುತ್ತೇನೆಂದು ಅವನಿಗೇನು ಗೊತ್ತು!

ಸೇರಿದ್ದು ಓಸಾಕಾ ಪಟ್ಟಣದ ಕಬುಕಿ ನಾಟಕಶಾಲೆಯ ನಾಟಕಕಾರ ರಿಹೇಯ ಕೈಗೆ. ಬರೆಯುವವನಿಗೆ ತಾಳವೇಕೆ ಎನ್ನುತ್ತೀರಾ? ಅಲ್ಲಿನ ಪದ್ಧತಿಯೇ ಹಾಗೆ. ನಾಟಕ ಬರೆದವನೇ ರಂಗದ ಪಕ್ಕ ನಿಂತು ತಾಳ ಬಡಿಯಬೇಕು. ನಾನು ಟಕ್ಕೆಂದರೆ ಪರದೆ ತೆರೆಯುತ್ತದೆ, ಮತ್ತೆ ಟಕ್ಕೆಂದರೆ ಮುಚ್ಚುತ್ತದೆ.

ಜನ ಅವನನ್ನು ಮಹಾಕವಿ ಎನ್ನುತ್ತಿದ್ದರು. ಥೂ! ಮೂವತ್ತು ವರ್ಷ ಅವನ ಸೊಂಟದಲ್ಲಿ ಸಿಕ್ಕಿಕೊಂಡು ನೋಡಿದ್ದೇನೆ, ಮಾನ ಮರ್ಯಾದೆಯನ್ನು ಗಂಟುಕಟ್ಟಿ ಅಟ್ಟಕ್ಕೆಸೆದಿದ್ದ ಮನುಷ್ಯ. ಮುಖ್ಯನಟ ಹಯಾಗೊರೊ ಕೆಮ್ಮಿದರೆ ಸಾಕು, ಇವನು ಸಂಭಾಷಣೆ ತಿದ್ದುತ್ತಿದ್ದ. "ಮೇಷ್ಟ್ರೇ, ನಾನು ಸಾಯೋದು ತೀರಾ ಬೇಗ ಆಯ್ತು" ಎಂದು ಅವನು ಮೂಗು ಮುರಿದರೆ, "ಹೌದು ಧಣಿ, ತಮ್ಮ ಮಾತೇ ಸರಿ ಧಣಿ" ಎಂದು ಆ ಸಾವನ್ನು ಅರ್ಧ ಗಂಟೆ ಎಳೆಯುತ್ತಿದ್ದ. ಲೇಖನಿ ಹಿಡಿದ ಚಾಕರ, ಅಷ್ಟೇ.

ಒಂದು ವರ್ಷ ಅವನ ತಾಯಿ ತೀರಿಕೊಂಡಳು. ಆಗ ಮಾತ್ರ ಅವನು ಯಾರನ್ನೂ ಕೇಳದೆ ಒಂದು ದೃಶ್ಯ ಬರೆದ. ಶೂರ ಮಗ ಯುದ್ಧಕ್ಕೆ ಹೊರಟುಹೋದ ಮೇಲೆ ಮುದಿತಾಯಿ ಅವನ ಅನ್ನದ ಬಟ್ಟಲಿನ ಮುಂದೆ ಕುಳಿತು ಆಡುವ ಏಳು ಮಾತು. ಬರೆಯುತ್ತಾ ಗೊಳೋ ಎಂದು ಅತ್ತ. ನಿಜ ಹೇಳಬೇಕು, ಏಳೂ ಚಿನ್ನದಂಥ ಮಾತು.

ತಾಯಿಯ ಪಾತ್ರ ಸೊಮೆನೊಜೊನದು. ಎಪ್ಪತ್ತು ದಾಟಿದ ಮುದುಕ, ಮಂಡಿ ಹಿಡಿದುಕೊಂಡಿತ್ತು. ಇದೇ ಅವನ ಕೊನೆಯ ವೇಷ. ಹಾಳೆಯನ್ನು ಹಣೆಗೊತ್ತಿಕೊಂಡು, "ಮೇಷ್ಟ್ರೇ, ಐವತ್ತು ವರ್ಷ ಹೆಣ್ಣುವೇಷ ಹಾಕ್ದೆ. ಇಂಥಾ ಮಾತು ನನ್ ಬಾಯಿಗೆ ಯಾರೂ ಕೊಟ್ಟಿರ್ಲಿಲ್ಲ. ಇದನ್ನ ಜನರ ಮುಂದೆ ಆಡ್ಬಿಟ್ಟು ಮನೆ ಸೇರ್ಕೋತೀನಿ" ಎಂದ.

ತಾಲೀಮಿನಲ್ಲಿ ಪರದೆ ಎಳೆಯುವವರು ಸಹ ಕಣ್ಣೊರೆಸಿಕೊಂಡರು. ಶೂರ ಮಗನ ವೇಷದ ಹಯಾಗೊರೊನ ಹೊಟ್ಟೆಗೆ ಬೆಂಕಿ ಬಿತ್ತು. ಮೊದಲ ಪ್ರದರ್ಶನದ ದಿನ ರಿಹೇಯನ್ನು ಬಣ್ಣದ ಕೋಣೆಗೆ ಕರೆಸಿಕೊಂಡ.

"ನಾನು ಹೋದ್ಮೇಲೆ ಜನ ಆ ಮುದುಕನಿಗ್ಯಾಕ್ರೀ ಅಳ್ಬೇಕು? ನಾನು ಆಚೆ ಕಾಲಿಟ್ಟ ತಕ್ಷಣ ತಾಳ ಬಡೀರಿ."

"ಆಗ್ಲಿ ಧಣಿ."

ಈ ಪುಣ್ಯಾತ್ಮನಿಗೆ ಮುದುಕನಿಗೊಂದು ಮಾತು ತಿಳಿಸುವ ಧೈರ್ಯವೂ ಇರಲಿಲ್ಲ.

ಹಯಾಗೊರೊ ಮೆರೆಯುತ್ತಾ ಹೊರನಡೆದ. ಜನ ಕೂಗಿ ಕುಣಿದರು. ಗದ್ದಲ ಅಡಗಲೆಂದು ಸೊಮೆನೊಜೊ ಕಾದ, ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡ, ಬಾಯಿ ತೆರೆದ. ರಿಹೇ ನನ್ನನ್ನು ಎತ್ತಿದವನು ಮತ್ತೆ ಕೆಳಗಿಳಿಸಿದ. ನನ್ನನ್ನು ಎಸೆದುಬಿಡುತ್ತಾನೆ ಎಂದೇ ಒಂದು ಕ್ಷಣ ನಂಬಿದೆ. ಬಡಿದ! ಟಕ್! ಪರದೆ ಸರ್ರನೆ ಮುಚ್ಚಿತು.

ಮುದುಕ ಏಳಲಿಲ್ಲ. ಆಚೆ ಜನ ಬುತ್ತಿ ಬಿಚ್ಚುತ್ತಿದ್ದರು. ಈಚೆ ಅವನು ಬಟ್ಟಲಿಗೆ ಹೇಳತೊಡಗಿದ: "ಒಂದು ತುತ್ತು ಉಂಡು ಹೋಗ್ಬಾರ್ದಾಗಿತ್ತಾ, ಕಂದಾ..." ಏಳು ಮಾತೂ ಆಡಿದ. ಆಮೇಲೆ ರಿಹೇಯತ್ತ ತಿರುಗಿ ಹಣೆ ನೆಲಕ್ಕೆ ಮುಟ್ಟಿಸಿದ.

"ಮೇಷ್ಟ್ರೇ, ಒಂದೂ ಬಿಡ್ಲಿಲ್ಲ."

ರಿಹೇ ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಧಣಿ ಕರೀತಿದಾರೆ" ಎಂದು ಹೊರಟೇಹೋದ. ಮರುದಿನದಿಂದ ಸೊಮೆನೊಜೊ ಬರಲಿಲ್ಲ.

ರಿಹೇ ಇನ್ನೂ ಇಪ್ಪತ್ತು ವರ್ಷ ಬರೆದ, ಹೆಸರು ಮಾಡಿದ, ಸತ್ತ. ನಾನು ಕೈಯಿಂದ ಕೈಗೆ ದಾಟಿ ಈಗ ಒಂದು ಕೇರಿಯ ಕಾವಲುಗಾರನ ಬಳಿ ಇದ್ದೇನೆ. ಸಂಜೆ ಅವನು ನನ್ನನ್ನು ಬಡಿಯುತ್ತಾ "ಬೆಂಕಿ ಜೋಪಾನ!" ಎಂದು ಕೂಗಿದರೆ ಹೆಂಗಸರು ಒಲೆ ನೋಡಿಕೊಳ್ಳುತ್ತಾರೆ. ನನ್ನ ಅಂಚು ಸವೆದಿದೆ, ಮೈ ಬಿರುಕು ಬಿಟ್ಟಿದೆ.

ಮೂಲೆಯ ಮೊಳೆಗೆ ನೇತುಬಿದ್ದು ಆ ಹೇಡಿಯನ್ನು ದಿನವೂ ಬೈಯುತ್ತೇನೆ. ಬೈದು ಬೈದು ಸಾಕಾದಾಗ, ಅವತ್ತು ಕೈ ಮಾತ್ರ ಅವನದು, ಸದ್ದು ನನ್ನದೇ ಎಂಬುದು ನೆನಪಾಗಿ ಸುಮ್ಮನಾಗುತ್ತೇನೆ.